ಅನಸೂಯಮ್ಮ ಬರೆದ ಕೊಲೆ

ಶ್ರೀನಿವಾಸಪುರದ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ವೆಂಕಟರಮಣಪ್ಪ ಮೇಷ್ಟರು ಬಲು ಸಾಧು ಮನುಷ್ಯ. ಜೋರಾಗಿ ಕೆಮ್ಮುವುದಕ್ಕೂ ಅಕ್ಕಪಕ್ಕ ನೋಡುವವರು. ಅಂಥವರ ಹೆಸರಿನಲ್ಲಿ ಕೋಲಾರದ ವಾರಪತ್ರಿಕೆಯೊಂದರಲ್ಲಿ ಪತ್ತೇದಾರಿ ಕಥೆ ಬರುವುದಕ್ಕೆ ಶುರುವಾದಾಗ ಊರಿಗೆ ಆಶ್ಚರ್ಯವಾಯಿತು. ಆಮೇಲೆ ಜನ ಅವರನ್ನು ಕಂಡರೆ ಸ್ವಲ್ಪ ಹೆದರಲೂ ಶುರುಮಾಡಿದರು. ಈ ಮನುಷ್ಯನ ತಲೆಯೊಳಗೆ ಇಷ್ಟು ವಿಷ, ಇಷ್ಟು ಹಗ್ಗ, ಇಷ್ಟು ಹೆಣ ಎಲ್ಲಿ ಇತ್ತಪ್ಪಾ ಎಂದು.

ನಿಜವಾಗಿ ಅವನ್ನೆಲ್ಲ ಬರೆಯುತ್ತಿದ್ದವರು ಅವರ ಹೆಂಡತಿ ಅನಸೂಯಮ್ಮ. ಪತ್ರಿಕೆ ನಡೆಸುತ್ತಿದ್ದ ಕೋದಂಡರಾಮಪ್ಪ ಮೊದಲ ಕಥೆ ಓದಿ ಬಹಳ ಮೆಚ್ಚಿದ್ದ. ಆದರೆ, "ಹೆಂಗಸಿನ ಹೆಸರು ಹಾಕಿದ್ರೆ ಕೊಲೆ ಅಂದ್ರೂ ಯಾರೂ ನಂಬಲ್ಲ, ಮೇಷ್ಟರ ಹೆಸರೇ ಇರಲಿ" ಎಂದಿದ್ದ. ಅನಸೂಯಮ್ಮನಿಗೆ ಅದರಿಂದ ಬೇಜಾರೇನೂ ಆಗಲಿಲ್ಲ. ಬರೆಯುವುದಕ್ಕೆ ಬಿಟ್ಟರೆ ಸಾಕಾಗಿತ್ತು.

ಆಕೆ ಓದಿದ್ದ ಪತ್ತೇದಾರಿ ಕಥೆಗಳಲ್ಲೆಲ್ಲ ಟೋಪಿ ಹಾಕಿದ ದೊರೆಗಳು, ಪಿಸ್ತೂಲು, ಮಂಜು ಮುಸುಕಿದ ಬೀದಿ. ಓದುವಾಗ ಚೆನ್ನಾಗಿರುತ್ತಿತ್ತು, ಹೆದರಿಕೆಯಾಗುತ್ತಿರಲಿಲ್ಲ. ತನ್ನ ಊರಿನಲ್ಲಿ, ತಾನು ನೀರು ಸೇದುವ ಬಾವಿಯಲ್ಲಿ, ದಿನಾ ದಾಟುವ ಹೊಸಲಿನಲ್ಲಿ ಏನಾದರೂ ಒಂದು ಇರಬೇಕಾದ ಹಾಗೆ ಇಲ್ಲದಿದ್ದರೆ ಎದೆ ಧಸಕ್ ಅನ್ನುತ್ತದಲ್ಲ, ಅದು ಬೇಕು ಎನ್ನುವುದು ಆಕೆಯ ಹಟ. ಒಳಗಿಂದ ಚಿಲಕ ಹಾಕಿದ ಕೋಣೆ, ಆದರೆ ಒಲೆಯ ಮೇಲೆ ಯಾರೋ ಹೊಸದಾಗಿ ಇಟ್ಟ ಪಾತ್ರೆ. ಅಷ್ಟು ಸಾಕು ಆಕೆಗೆ. ಅದಕ್ಕಾಗಿ ಎಲ್ಲವನ್ನೂ ಮಾಡಿ ನೋಡುತ್ತಿದ್ದಳು. ಬಾವಿಯಲ್ಲಿ ಕೊಡ ಮುಳುಗುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಒಂದು ಹಿತ್ತಾಳೆ ಕೊಡವನ್ನೇ ಕಳೆದುಕೊಂಡಿದ್ದಳು. ತುಂಬಿದ ಗೋಣಿಚೀಲ ಹೊತ್ತುಕೊಂಡು ಓಡಿದರೆ ಉಸಿರು ಎಲ್ಲಿ ಕಟ್ಟುತ್ತದೆ ಎಂದು ತಿಳಿಯಲು ಗಂಡನನ್ನು ಹಿತ್ತಲಲ್ಲಿ ಓಡಿಸಿದ್ದಳು. ಮೇಷ್ಟರು ಪಾಪ, ಬಾಗಿಲು ಹಾಕಿಕೊಂಡು ಓಡಿದ್ದರು.

ಬರೆದದ್ದನ್ನು ಮೊದಲು ಕೇಳುತ್ತಿದ್ದವಳು ಪಕ್ಕದ ಮನೆಯ ಮೆಹರ್ ಬಾನು. ಮೆಹರಳ ಗಂಡ ಮುಖ್ತಿಯಾರ್ ಪೊಲೀಸ್ ಠಾಣೆಯಲ್ಲಿ ದಫೇದಾರ. ಮಧ್ಯಾಹ್ನ ಗಂಡಸರೆಲ್ಲ ಹೊರಗೆ ಹೋದ ಮೇಲೆ ಹಿತ್ತಲ ಗೋಡೆಯ ಆ ಕಡೆ ಮೆಹರ್ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ ಕೂರುವಳು. ಈ ಕಡೆ ಅನಸೂಯಮ್ಮ ಓದುವಳು. ಓದುತ್ತ ಓದುತ್ತ ಕಣ್ಣು ಮಾತ್ರ ಮೆಹರಳ ಬೆರಳುಗಳ ಮೇಲೆ. ಬೆರಳು ಆಡುತ್ತಲೇ ಇದ್ದರೆ ಆ ಪುಟ ಹಾಳು, ಮತ್ತೆ ಬರೆಯಬೇಕು. ಬೆರಳು ಅಕ್ಕಿಯೊಳಗೇ ನಿಂತುಬಿಟ್ಟರೆ ಅಲ್ಲಿಗೆ ಓದು ನಿಲ್ಲಿಸಿ ಎದ್ದುಬಿಡುವಳು. ಕಂತು ಮುಗಿಸಬೇಕಾದ್ದು ಅಲ್ಲೇ.

"ಮುಂದೇನಾಯ್ತು ಹೇಳಿ ಹೋಗ್ರಿ ಅಕ್ಕಾ" ಎಂದು ಮೆಹರ್ ಬೇಡಿಕೊಳ್ಳುತ್ತಿದ್ದಳು.

"ನಂಗೂ ಗೊತ್ತಿಲ್ಲ ಕಣೇ."

ಅದು ಸುಳ್ಳಲ್ಲ. ಮುಂದೇನೆಂದು ತನಗೇ ಗೊತ್ತಿದ್ದರೆ ಬರೆಯುವಾಗ ಕೈ ನಡುಗುವುದಿಲ್ಲ, ಕೈ ನಡುಗದಿದ್ದರೆ ಓದುವವರಿಗೂ ನಡುಗುವುದಿಲ್ಲ ಎಂದು ಆಕೆ ನಂಬಿದ್ದಳು.

ಆ ವರ್ಷದ ಮಾವಿನ ಸುಗ್ಗಿಯಲ್ಲಿ ಯಲ್ದೂರಿನ ಹತ್ತಿರ ಗಂಗುಲಪ್ಪ ಎಂಬ ಹಣ್ಣಿನ ವ್ಯಾಪಾರಿ ತಾನು ಗುತ್ತಿಗೆಗೆ ಹಿಡಿದಿದ್ದ ತೋಪಿನ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ. ನೀರು ಕುಡಿಯಲು ಹೋಗಿ ಕಾಲು ಜಾರಿರಬೇಕು ಎಂದರು ಜನ. ಮಹಜರು ನಡೆಯಿತು, ಹೆಣವನ್ನು ಮನೆಯವರಿಗೆ ಕೊಟ್ಟರು. ಊರು ಮರೆತೂಬಿಟ್ಟಿತು.

ಅನಸೂಯಮ್ಮ ಮರೆಯಲಿಲ್ಲ. ಯಲ್ದೂರು ಆಕೆಯ ಸೋದರಮಾವನ ಊರು. ಚಿಕ್ಕಂದಿನಲ್ಲಿ ಬೇಸಿಗೆಯೆಲ್ಲ ಆ ಕಡೆಯ ತೋಪುಗಳಲ್ಲೇ ಕಳೆದಿದ್ದಳು. ಗಂಗುಲಪ್ಪ ಯಾರೆಂದು ಆಕೆಗೆ ಗೊತ್ತಿರಲಿಲ್ಲ. ಆದರೆ ಹಾಡುಹಗಲಿನಲ್ಲಿ, ಮರದ ನೆರಳಿನಲ್ಲಿ, ತಣ್ಣಗೆ ಕೂತ ಆ ಬಾವಿ ಕಣ್ಣೆದುರಿಗೆ ಬಂದು ನಿಂತಿತು. ಹೊಸ ಕಥೆ ಅಲ್ಲಿಂದಲೇ ಶುರುವಾಯಿತು. ಊರಿನ ಹೆಸರು ಬದಲಾಯಿಸಿದಳು, ವ್ಯಾಪಾರಿಯ ಹೆಸರು ಬದಲಾಯಿಸಿದಳು. ಬಾವಿ, ಮರ, ಮಾವಿನಕಾಯಿ ಹಾಗೇ ಉಳಿದವು.

ಕಥೆಯಲ್ಲಿ ವ್ಯಾಪಾರಿಯನ್ನು ಯಾರೋ ಬಾವಿಗೆ ತಳ್ಳಿದ್ದಾರೆ. ತಳ್ಳಿದವನು ಎಲ್ಲಿ ಅಡಗಿದ್ದ? ತೋಪಿನ ಮಿಕ್ಕ ಮರಗಳೆಲ್ಲ ದೂರ, ಬಾವಿಯ ಸುತ್ತ ಬಯಲು. ಅಡಗಲು ಇರುವುದು ಬಾವಿಯ ಮೇಲಕ್ಕೆ ಬಾಗಿದ ಮಾವಿನಮರ ಒಂದೇ. ಸುಗ್ಗಿಯಲ್ಲಿ ಕಾಯಿ ಬಿಟ್ಟ ಮರ ಹತ್ತಿ ಕೂತವನ ಮೈಗೆ ಮುರಿದ ತೊಟ್ಟಿನ ಸೊನೆ ತಾಗದೆ ಇರುತ್ತದೆಯೇ? ತಾಗಿದ ಸೊನೆ ಚರ್ಮ ಸುಡದೆ ಬಿಡುತ್ತದೆಯೇ? ಆ ವಾರದ ಕಂತಿನ ಕೊನೆಯಲ್ಲಿ ಪತ್ತೇದಾರ ಬಾವಿಯನ್ನು ಬಿಟ್ಟು ತಲೆಯೆತ್ತಿ ಮರ ನೋಡುತ್ತಾನೆ. ಮುರಿದ ತೊಟ್ಟುಗಳು ಕಾಣುತ್ತವೆ. "ಕೊಂದವನ ಕುತ್ತಿಗೆಯ ಮೇಲೆ ಸೊನೆ ಸುಟ್ಟ ಕಪ್ಪು ಕಲೆ ಇದೆ" ಎನ್ನುತ್ತಾನೆ. ಇದನ್ನು ಓದಿದ ದಿನ ಮೆಹರಳ ಬೆರಳು ಅಕ್ಕಿಯಲ್ಲಿ ಹೂತುಹೋದಂತೆ ನಿಂತವು.

ಪತ್ರಿಕೆ ಬಂದ ಮಾರನೆಯ ದಿನ ಶಾಲೆ ನಡೆಯುತ್ತಿರುವಾಗಲೇ ಕಾನ್‌ಸ್ಟೇಬಲ್ ಬಂದು ಮೇಷ್ಟರನ್ನು ಠಾಣೆಗೆ ಕರೆದುಕೊಂಡು ಹೋದ.

ಅನಸೂಯಮ್ಮನಿಗೆ ಸುದ್ದಿ ಕೊಟ್ಟವಳು ಮೆಹರ್. ಗೋಡೆಯ ಹತ್ತಿರ ಬಂದವಳ ಮುಖ ಬಿಳಿಚಿತ್ತು.

"ಅಕ್ಕಾ, ನಮ್ಮೋರು ಠಾಣೇದು ಮಾತು ಮನೇಲಿ ಆಡ್ತಾರೆ, ನಿಜ. ಆದ್ರೆ ಮರದ ಮಾತು ನಾನು ನಿಮಗೆ ಹೇಳಿದ್ನಾ? ನೆನಪು ಮಾಡ್ಕೊಳ್ರಿ."

"ಯಾವ ಮರದ ಮಾತೇ?"

"ಮಹಜರಿನ ದಿನ ನಮ್ಮೋರೇ ನೋಡಿದ್ದು. ಬಾವಿ ಮೇಲಿನ ಮರದಲ್ಲಿ ತೊಟ್ಟು ಮುರಿದಿತ್ತಂತೆ, ಎಲೆಯೆಲ್ಲ ಸೊನೆಯಂತೆ. ಯಾರೋ ಹತ್ತಿದ್ದಾರೆ, ಯಾರಿಗೂ ಹೇಳ್ಬೇಡ ಅಂದಿದ್ರಂತೆ ಇನ್‌ಸ್ಪೆಕ್ಟರ್. ಈಗ ಅದು ಪೇಪರಿನಲ್ಲಿ ಬಂದಿದೆ. ನೀನೇ ಬಾಯಿ ಬಿಟ್ಟಿದ್ದು ಅಂತ ಅವರನ್ನ ಕೆಲಸದಿಂದ ದೂರ ಕೂರಿಸಿದ್ದಾರೆ." ಮೆಹರ್ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ನಾನು ಹೇಳಿಲ್ಲ, ಅಲ್ವಾ ಅಕ್ಕಾ?"

"ಇಲ್ಲ ಮೆಹರ್. ನೀನು ಹೇಳಿಲ್ಲ."

ಹಾಗೆಂದು ಅನಸೂಯಮ್ಮ ಒಳಗೆ ಬಂದಳು. ತಾನು ಕೂತು ಕಟ್ಟಿದ್ದು ಅಲ್ಲಿ ಯಲ್ದೂರಿನ ಮರದ ಮೇಲೆ ನಿಜವಾಗಿ ಇತ್ತೇ? ಹಾಗಾದರೆ ಕೊಂದವನೂ ಇದ್ದಾನೆಯೇ? ಅವನೂ ಪತ್ರಿಕೆ ಓದಿರಬಹುದೇ? ಹಿತ್ತಲ ಬಾಗಿಲು ಹಾಕಿ, ಮುಂಬಾಗಿಲಿಗೆ ಬೀಗ ಜಡಿದು, ಕಾಲಿಗೆ ಚಪ್ಪಲಿಯೂ ಇಲ್ಲದೆ ಠಾಣೆಗೆ ಹೊರಟಳು. ಆವರೆಗೆ ಆಕೆ ಕಥೆಯಲ್ಲಿ ಎಷ್ಟೋ ಸಲ ಠಾಣೆಯ ಮೆಟ್ಟಿಲು ಹತ್ತಿದ್ದಳು. ನಿಜವಾಗಿ ಹತ್ತಿದ್ದು ಅದೇ ಮೊದಲು.

ಒಳಗೆ ಮೇಷ್ಟರು ಬೆಂಚಿನ ತುದಿಯಲ್ಲಿ ಕೂತಿದ್ದರು. ಇನ್‌ಸ್ಪೆಕ್ಟರ್ ವಯಸ್ಸಾದವರು, ಕೂಗಾಡುವ ಜಾತಿಯವರಲ್ಲ. ಅದೇ ಹೆದರಿಕೆ ಹುಟ್ಟಿಸುತ್ತಿತ್ತು.

"ಮೇಷ್ಟ್ರೇ, ಮುಂದಿನ ವಾರ ಏನು ಬರುತ್ತೆ ಹೇಳಿ ಸಾಕು. ನೀವು ಬರೆದಿದ್ದೇ ತಾನೆ?"

"ಹೌದು ಸ್ವಾಮಿ."

"ಯಾರು ಕೊಂದದ್ದು?"

ಮೇಷ್ಟರು ನೆಲ ನೋಡಿದರು. ಹೆಂಡತಿಯ ಹೆಸರು ಠಾಣೆಯಲ್ಲಿ ಬರಬಾರದೆಂದು ಹಲ್ಲು ಕಚ್ಚಿ ಕೂತಿದ್ದಾರೆಂದು ಬಾಗಿಲಲ್ಲಿ ನಿಂತ ಅನಸೂಯಮ್ಮನಿಗೆ ಗೊತ್ತಾಯಿತು.

"ಅವರಿಗೆ ಗೊತ್ತಿಲ್ಲ ಸ್ವಾಮಿ" ಎಂದಳು. "ಬರೆದವಳು ನಾನು."

ಇನ್‌ಸ್ಪೆಕ್ಟರು ಆಕೆಯನ್ನು ನೋಡಿದರು, ಮೇಷ್ಟರನ್ನು ನೋಡಿದರು. ಕುರ್ಚಿ ಹಾಕಿಸಿದರು. ಆಕೆ ಕೂರಲಿಲ್ಲ.

"ಮರದ ವಿಷಯ ನಿಮಗೆ ಯಾರು ಹೇಳಿದ್ದು? ಮುಖ್ತಿಯಾರ್ ನಿಮ್ಮ ಪಕ್ಕದ ಮನೆಯವನು."

"ಯಾರೂ ಹೇಳಿಲ್ಲ. ನನ್ನ ಕಥೆಗೆ ಒಬ್ಬ ಬಚ್ಚಿಟ್ಕೊಳ್ಳೋಕೆ ಜಾಗ ಬೇಕಿತ್ತು. ಮರ ಬಿಟ್ರೆ ಬೇರೆ ಸಿಗಲಿಲ್ಲ. ಮರ ಹತ್ತಿದ ಮೇಲೆ ಸೊನೆ ಬಂತು." ಸೆರಗು ಸರಿಸಿ ಮೊಣಕೈಯ ಕೆಳಗಿನ ಹಳೆಯ ಕಲೆ ತೋರಿಸಿದಳು. "ಯಲ್ದೂರಿನಲ್ಲಿ ಚಿಕ್ಕೋಳಿದ್ದಾಗ ಆಗಿದ್ದು. ಈ ಸೀಮೇಲಿ ಯಾರ ಮೈಮೇಲೆ ಇಲ್ಲ ಇದು?"

"ಯಾರು ಕೊಂದದ್ದು ಅಂತ ಬರೀತೀರಿ?"

"ಇನ್ನೂ ಗೊತ್ತಿಲ್ಲ."

ಇನ್‌ಸ್ಪೆಕ್ಟರರಿಗೆ ಅದು ಉಡಾಫೆಯ ಮಾತಾಗಿ ಕೇಳಿಸಿತು. ಬರೆಯುವವರಿಗೇ ಗೊತ್ತಿರುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಮುಂದಿನ ಕಂತು ಬರಕೂಡದು ಎಂದರು. ಮುಖ್ತಿಯಾರ್ ವಿಷಯ ವಿಚಾರಿಸಿ ನೋಡುತ್ತೇನೆ ಎಂದರು. ಗಂಡ ಹೆಂಡತಿ ಮನೆಗೆ ಬಂದರು. ಮೇಷ್ಟರು ನೀರು ಕುಡಿದು, "ನೀನು ಬರಬಾರದಿತ್ತು ಕಣೇ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಬಂದಿದ್ದು ಒಳ್ಳೇದಾಯ್ತು" ಎಂದೂ ಅಂದರು.

ಪತ್ರಿಕೆ ಮಾತ್ರ ಊರೂರು ತಲುಪಿಯಾಗಿತ್ತು. ಓದು ಬಾರದವರಿಗೆ ಓದಿ ಹೇಳುವವರಿದ್ದರು. ಯಾವ ಊರು, ಯಾವ ಬಾವಿ ಎಂದು ಜನ ಹೊಂದಿಸಿಕೊಳ್ಳಲು ತಡವಾಗಲಿಲ್ಲ. ಸಂತೆಯಲ್ಲಿ ಎಲ್ಲರೂ ಎಲ್ಲರ ಕುತ್ತಿಗೆ ನೋಡತೊಡಗಿದರು. ಮಾವಿನ ಸುಗ್ಗಿಯಲ್ಲಿ ಸೊನೆಯ ಕಲೆ ಇಲ್ಲದ ಕೂಲಿಯವನೇ ಇಲ್ಲ. ಆದರೂ ಸಂತೆಗೆ ಬಂದಿದ್ದ ಕದಿರೇಶ ಎಂಬ ಆಳಿನ ಟವಲನ್ನು ಯಾರೋ ಎಳೆದರು. ಅವನು ಗಂಗುಲಪ್ಪ ಹಿಡಿದಿದ್ದ ತೋಪಿನ ಕಾವಲುಗಾರ. ಕುತ್ತಿಗೆಯ ಎಡಕ್ಕೆ ಅಂಗೈಯಗಲ ಕಪ್ಪು ಕಲೆ ಇತ್ತು. ಹೊಡೆದದ್ದು ಯಾರು ಎಂದು ಆಮೇಲೆ ಯಾರೂ ಹೇಳಲಿಲ್ಲ. ಪೊಲೀಸರು ಬಿಡಿಸಿ ಠಾಣೆಗೆ ತಂದಾಗ ಅವನ ಒಂದು ಕಣ್ಣು ಮುಚ್ಚಿಹೋಗಿತ್ತು. ಸಾವಿನ ದಿನ ಮಧ್ಯಾಹ್ನ ನೀನು ಎಲ್ಲಿದ್ದೆ ಎಂದು ಕೇಳಿದರೆ, "ಊಟಕ್ಕೆ ಮನೆಗೆ ಹೋಗಿದ್ದೆ" ಎಂದ. ಮನೆಯಲ್ಲಿ ಅವನೊಬ್ಬನೇ. ಸಾಕ್ಷಿ ಹೇಳುವವರಿಲ್ಲ. ಲಾಕಪ್ಪಿನಲ್ಲಿ ಕೂರಿಸಿದರು.

ಇದು ಕಿವಿಗೆ ಬಿದ್ದ ಮೇಲೆ ಅನಸೂಯಮ್ಮನಿಗೆ ಅನ್ನ ಸೇರಲಿಲ್ಲ. ಒಲೆ ಮುಂದೆ ಕೂತರೂ, ಬಾವಿ ಹತ್ತಿರ ಹೋದರೂ ಅದೇ ಯೋಚನೆ. ಕುತ್ತಿಗೆಯ ಮೇಲಿನ ಆ ಕಲೆಯನ್ನು ತಾನೇ ಅಲ್ಲಿ ಬರೆದಿಟ್ಟ ಹಾಗೆ ಅನ್ನಿಸುತ್ತಿತ್ತು. ಬಾಗಿಲ ಬಳಿ ಯಾರ ಹೆಜ್ಜೆ ಸದ್ದಾದರೂ ಎದ್ದು ನಿಲ್ಲುತ್ತಿದ್ದಳು. ಕದಿರೇಶ ನಿಜವಾಗಿಯೂ ಕೊಂದಿದ್ದರೆ ಎಂದು ಒಂದು ಸಲ ಯೋಚನೆ ಬಂದು, ಆ ಯೋಚನೆಯಿಂದ ಒಂದು ಗಳಿಗೆ ಸಮಾಧಾನವೂ ಆಗಿ, ಆ ಸಮಾಧಾನಕ್ಕೆ ತನಗೇ ಹೇಸಿಗೆಯಾಯಿತು.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ಜಗುಲಿಯ ಹತ್ತಿರ ಬಂದು ನಿಂತಳು. ಹಣೆ ಬೋಳು. ಬಿಸಿಲಿನಲ್ಲಿ ನಡೆದು ಬಂದಿದ್ದಳು.

"ಕಥೆ ಬರೆಯೋ ಅಮ್ಮ ನೀವೇನಾ? ಠಾಣೇಲಿ ಹೇಳಿದ್ರು. ನಾನು ಯಲ್ದೂರಿನಿಂದ ಬಂದೆ. ಗಂಗುಲಪ್ಪನೋರ ಮನೆಯೋಳು, ರಾಮಲಕ್ಷ್ಮಮ್ಮ."

ಬೈಗುಳಕ್ಕೆ ಸಿದ್ಧಳಾಗಿ ಅನಸೂಯಮ್ಮ ಒಳಗೆ ಕರೆದು ಚಾಪೆ ಹಾಸಿದಳು, ಮಜ್ಜಿಗೆ ಕೊಟ್ಟಳು. ರಾಮಲಕ್ಷ್ಮಮ್ಮ ಬೈಯಲಿಲ್ಲ. ಮಜ್ಜಿಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮನೆಮಾತಾದ ತೆಲುಗು ಬೆರೆಸಿ ಕೇಳಿದಳು.

"ನಿಜಂ ಚೆಪ್ಪಮ್ಮಾ. ನಮ್ಮೋರನ್ನ ಯಾರಾದ್ರೂ ಕೊಂದ್ರಾ?"

ನಿಜ ಹೇಳಮ್ಮ ಎಂದು ಕೇಳಿದ ಆ ದನಿಯಲ್ಲಿ ಕೋಪವಿರಲಿಲ್ಲ, ಒಂದು ಆಸೆ ಇತ್ತು. ಅದು ಯಾಕೆಂದು ಅನಸೂಯಮ್ಮನಿಗೆ ತಿಳಿಯಲಿಲ್ಲ.

"ನಂಗೇನು ಗೊತ್ತು ತಾಯಿ. ನಾನು ಕಟ್ಟಿ ಬರೆದಿದ್ದು."

"ಅಷ್ಟೊಂದು ಸರಿಯಾಗಿ ಬರೆದಿದ್ದೀರಿ. ಸುಮ್ನೆ ಕಟ್ಟೋಕಾಗುತ್ತಾ?" ರಾಮಲಕ್ಷ್ಮಮ್ಮ ಲೋಟ ಕೆಳಗಿಟ್ಟಳು. "ನನ್ನ ಮಗಳು ಶಾಮಲಮ್ಮ ಹೆರಿಗೆಗೆ ಬಂದಿದ್ದಾಳೆ. ಹುಳಿ ಮಾವಿನಕಾಯಿ ಬೇಕು ಅಂತ ಅಪ್ಪನ್ನ ಕೇಳಿದ್ಲು. ಆ ಬಾವಿ ಮೇಲಿನ ಮರದ್ದೇ ಬೇಕು, ಅದೇ ಹುಳಿ ಅಂತ. ಕದಿರೇಶನ ಕೈಲಿ ಕೀಳಿಸ್ತೀನಿ ಅಂತ ಹೋದೋರು ಬರಲಿಲ್ಲ. ಅವತ್ತಿಂದ ಅವಳು ತುತ್ತು ಬಾಯಿಗೆ ಇಡ್ತಿರಲಿಲ್ಲ. ನನ್ನಿಂದಾನೇ ಅಪ್ಪ ಸತ್ತಿದ್ದು ಅಂತ. ಪಕ್ಕದ ಮನೆ ಹುಡುಗಿ ನಿಮ್ಮ ಕಥೆ ಓದಿ ಹೇಳಿದ ದಿನ ಎದ್ದು ಕೂತು ಊಟ ಮಾಡಿದ್ಲು. ಯಾರೋ ಕೊಂದಿದ್ದಾರಮ್ಮ, ನನ್ನಿಂದಲ್ಲ, ಅಂದ್ಲು."

ತನ್ನ ಕಥೆ ಒಂದು ಮನೆಯೊಳಗೆ ಹೀಗೂ ಹೋಗಿ ಕೂತಿದೆಯೆಂದು ಅನಸೂಯಮ್ಮನಿಗೆ ಹೊಳೆದೇ ಇರಲಿಲ್ಲ. ಕೊನೆಗೆ ಕೇಳಿದಳು.

"ಕದಿರೇಶ ಊಟಕ್ಕೆ ಹೋಗಿದ್ದೆ ಅಂತಾನೆ. ಅವನು ಇಲ್ಲದಿದ್ರೆ ನಿಮ್ಮೋರು ಏನು ಮಾಡ್ತಿದ್ರು?"

"ಕಾಯ್ತಿದ್ರು. ಇಲ್ಲಾಂದ್ರೆ ತಾವೇ..." ರಾಮಲಕ್ಷ್ಮಮ್ಮ ಅಲ್ಲೇ ನಿಲ್ಲಿಸಿದಳು.

"ಮೈ ತೊಳೆದೋರು ಯಾರು?"

"ನಾನೇ. ನನ್ನ ತಂಗಿ ನೀರು ಹಾಕಿದ್ಲು." ಆಕೆ ತನ್ನ ಅಂಗೈಗಳನ್ನು ನೋಡಿಕೊಂಡಳು. "ಕೈ ಅಂಟಂಟಾಗಿತ್ತು. ಸೀಗೆಪುಡಿ ಹಾಕಿ ಉಜ್ಜಿದ್ರೂ ಹೋಗಲಿಲ್ಲ. ನೀರಲ್ಲಿ ಅಷ್ಟು ಹೊತ್ತು ಇದ್ದ ಕೈ ಅಂಟಾಗಿರೋದು ಹೆಂಗೆ ಅಂತ ಆವಾಗ್ಲೇ ಅನ್ನಿಸ್ತು. ಎದೆ ಮೇಲೆ, ತೋಳಿನ ಒಳಗೆ ತರಚಿತ್ತು. ಬಾವಿ ಕಲ್ಲು ತಾಗಿದೆ ಅಂದ್ರು ಪೊಲೀಸರು. ನಾನೂ ಹಂಗೇ ಅಂದ್ಕೊಂಡೆ."

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅಂಟಿದ್ದು ಸೊನೆ. ತರಚಿದ್ದು ಮರದ ತೊಗಟೆ. ಮರ ಹತ್ತಿದವನು ಗಂಗುಲಪ್ಪನೇ. ಸತ್ತವನ ಮೈಯನ್ನು ಅನಸೂಯಮ್ಮ ಒಂದು ಸಲವೂ ನೋಡಿರಲಿಲ್ಲ, ಕಥೆಯೊಳಗೂ. ಅಡಗಿ ಕೂತವನ ಮೇಲೆಯೇ ಕಣ್ಣಿತ್ತು.

ಹೊರಗೆ ಹೇಳುವುದು ಬೇಡ ಎಂದು ರಾಮಲಕ್ಷ್ಮಮ್ಮ ಹೇಳಿಬಿಟ್ಟರೆ ಏನು ಮಾಡುವುದು ಎಂಬ ಭಯದಲ್ಲಿ ಅನಸೂಯಮ್ಮ ಆಕೆಯ ಮುಖ ನೋಡಿದಳು. ಒಂದು ಕಡೆ ಬಸುರಿ ಮಗಳು, ಇನ್ನೊಂದು ಕಡೆ ಲಾಕಪ್ಪಿನಲ್ಲಿ ಕದಿರೇಶ.

"ಕದಿರೇಶ ನಮ್ಮ ಮನೇಲಿ ಉಂಡೋನು" ಎಂದಳು ರಾಮಲಕ್ಷ್ಮಮ್ಮ ಕೊನೆಗೆ. "ಸಂತೇಲಿ ಹೊಡೆದ್ರಂತೆ. ನಡೀರಿ ಹೋಗೋಣ. ಆದ್ರೆ ನನ್ನ ಮಗಳಿಗೆ ಈ ಮಾತು ಗೊತ್ತಾಗಬಾರದು. ಮಗು ಹುಟ್ಟೋವರೆಗಾದ್ರೂ."

ಇನ್‌ಸ್ಪೆಕ್ಟರು ಠಾಣೆಯಲ್ಲಿ ರಾಮಲಕ್ಷ್ಮಮ್ಮ ಹೇಳಿದ್ದನ್ನು ಪೂರ್ತಿ ಕೇಳಿಕೊಂಡರು. ಮುಖ್ತಿಯಾರನನ್ನು ಕರೆದು ಮರಕ್ಕೆ ಇನ್ನೊಮ್ಮೆ ಹೋಗಿ ಬರಲು ಹೇಳಿದರು. ಮುಖ್ತಿಯಾರ್ ಮರ ಹತ್ತಿ, ಬಾವಿಯ ಮೇಲಿನ ಕೊಂಬೆ ಕೆಳಗಿಂದ ಕಾಣದ ಹಾಗೆ ಎಲೆಗಳ ನಡುವೆ ಬುಡದಲ್ಲಿ ಸೀಳಿ ಜೋತಿರುವುದನ್ನೂ, ಕವಲಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಚೂರು ಟವಲು ಬಟ್ಟೆಯನ್ನೂ ಕಂಡು, ಬಟ್ಟೆಯನ್ನು ಬಿಡಿಸಿ ತಂದ. ಬಟ್ಟೆ ಗಂಗುಲಪ್ಪನದೇ ಎಂದು ರಾಮಲಕ್ಷ್ಮಮ್ಮ ಗುರುತು ಹಿಡಿದಳು. ಕದಿರೇಶನನ್ನು ಬಿಟ್ಟರು. ಮುಖ್ತಿಯಾರ್ ಮತ್ತೆ ಕೆಲಸಕ್ಕೆ ಹೋದ. ಅಂದು ಸಂಜೆ ಮೆಹರ್ ಗೋಡೆಯ ಹತ್ತಿರ ಬಂದು ಒಂದು ಬಟ್ಟಲು ಸೇವಿಗೆ ಪಾಯಸ ಇಟ್ಟು ಹೋದಳು. ಮಧ್ಯಾಹ್ನ ಮೊರ ಹಿಡಿದು ಗೋಡೆಯ ಬಳಿಗೆ ಆಕೆ ಮತ್ತೆ ಬರಲು ಬಹಳ ದಿನ ಹಿಡಿಯಿತು.

ಕೋಲಾರದಿಂದ ಕೋದಂಡರಾಮಪ್ಪ ತಾನೇ ಬಸ್ಸು ಹಿಡಿದು ಬಂದ. ಪತ್ರಿಕೆ ಹಿಂದೆಂದೂ ಇಷ್ಟು ಹೋಗಿರಲಿಲ್ಲ, ಜನ ಮುಂದಿನ ಕಂತಿಗೆ ಅಂಗಡಿ ಮುಂದೆ ಬಂದು ಕೇಳುತ್ತಿದ್ದಾರೆ, ಈಗ ನಿಲ್ಲಿಸಿದರೆ ಮಾನ ಹೋಗುತ್ತದೆ ಎಂದು ಕೂತುಕೊಂಡ. "ಕೊಂದವನು ಪಾಲುದಾರ ಅಂತ ಮುಗಿಸಿಬಿಡಿ. ಚೆನ್ನಾಗಿರುತ್ತೆ."

"ಕೊಂದವನು ಇಲ್ಲ."

"ಅಂದ್ರೆ?"

"ಕೊಂಬೆ ಒಳಗೆ ಗೆದ್ದಲು ತಿಂದಿತ್ತು. ಯಾರು ಹತ್ತಿದ್ರೂ ಮುರೀತಿತ್ತು. ಯಾರದೂ ತಪ್ಪಿಲ್ಲ. ಹಂಗೆ ಮುಗಿಸ್ತೀನಿ."

ಕೋದಂಡರಾಮಪ್ಪ ತಲೆ ಕೆರೆದುಕೊಂಡ. ಇನ್‌ಸ್ಪೆಕ್ಟರರ ಅಪ್ಪಣೆ ಪಡೆದು ಆಕೆ ಕೊನೆಯ ಕಂತನ್ನು ಹಾಗೇ ಬರೆದಳು. ಎಲ್ಲಕ್ಕಿಂತ ಕಷ್ಟಪಟ್ಟು ಬರೆದದ್ದು ಅದನ್ನೇ. ಮಾವಿನಕಾಯಿ ಕೇಳಿದ ಮಗಳು ಕಥೆಯಲ್ಲಿ ಎಲ್ಲೂ ಬರಲಿಲ್ಲ, ವ್ಯಾಪಾರಿ ಫಸಲು ನೋಡಲು ತಾನಾಗಿಯೇ ಮರ ಹತ್ತಿದ. ಗೆದ್ದಲು ಕೊಂಬೆಯನ್ನು ಒಳಗಿಂದ ಹೇಗೆ ತಿನ್ನುತ್ತದೆ, ಹೊರಗೆ ಎಲೆ ಹಸಿರಾಗಿಯೇ ಇದ್ದು ಹೇಗೆ ಮೋಸ ಮಾಡುತ್ತದೆ ಎನ್ನುವುದನ್ನು ಪುಟಗಟ್ಟಲೆ ಬರೆದಳು. ಓದುಗರಿಗೆ ನಿರಾಶೆಯಾಯಿತು. "ಇಷ್ಟೇನಾ ಮೇಷ್ಟ್ರೇ?" ಎಂದು ವೆಂಕಟರಮಣಪ್ಪನವರನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದವರಿದ್ದರು. ಅವರು, "ಏನು ಮಾಡೋದು, ಗೆದ್ದಲು" ಎಂದು ಜಾರಿಕೊಳ್ಳುತ್ತಿದ್ದರು.

ಯಲ್ದೂರಿನಲ್ಲಿ ಆ ಕಂತನ್ನೂ ಓದಿ ಹೇಳಿದರಂತೆ. ಶಾಮಲಮ್ಮ ಕೊನೆಯವರೆಗೂ ಕೇಳಿ, ಗೋಡೆ ಕಡೆ ತಿರುಗಿ ಮಲಗಿದಳಂತೆ. ನಂಬಿದಳೋ ಇಲ್ಲವೋ ರಾಮಲಕ್ಷ್ಮಮ್ಮನಿಗೂ ತಿಳಿಯಲಿಲ್ಲ. ಶ್ರಾವಣದಲ್ಲಿ ಗಂಡುಮಗು ಹುಟ್ಟಿತು. ಬಾಣಂತಿ ಚೆನ್ನಾಗಿದ್ದಾಳೆಂದು ಯಲ್ದೂರಿನಿಂದ ಬಂದವರ ಕೈಲಿ ರಾಮಲಕ್ಷ್ಮಮ್ಮ ಸುದ್ದಿ ಕಳಿಸಿದ್ದಳು.

ಅನಸೂಯಮ್ಮ ಆಮೇಲೆ ಕೆಲವು ವರ್ಷ ಏನೂ ಬರೆಯಲಿಲ್ಲ. ಆಗ ಶುರುವಾದ ಮಹಾಯುದ್ಧದ ದಿನಗಳಲ್ಲಿ ಕಾಗದ ಸಿಗದೆ ಪತ್ರಿಕೆಯೂ ಸೊರಗಿ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಬರೆದಳು, ಈ ಸಲ ತನ್ನ ಹೆಸರಿನಲ್ಲೇ. ಆ ಕಥೆಗಳಲ್ಲೂ ಜನ ಸಾಯುತ್ತಿದ್ದರು, ಹೆದರಿಕೆಯೂ ಇರುತ್ತಿತ್ತು. ಆದರೆ ಯಾರಾದರೂ ಸತ್ತ ಸುದ್ದಿ ಬಂದ ವಾರದಲ್ಲಿ ಆಕೆ ಪೆನ್ನು ಮುಟ್ಟುತ್ತಿರಲಿಲ್ಲ.

ಮೇಷ್ಟರಿಗೆ ಮಾಲೂರಿಗೆ ವರ್ಗವಾದ ಮೇಲೆ ಒಂದು ದಿನ ಅಲ್ಲಿನ ಬಸ್ ನಿಲ್ಲುವ ಜಾಗದಲ್ಲಿ ಆಕೆ ಕದಿರೇಶನನ್ನು ಕಂಡಳು. ಅವನು ಯಲ್ದೂರು ಬಿಟ್ಟು ಮಾಸ್ತಿ ಕಡೆ ರಾಗಿ ಹೊಲದಲ್ಲಿ ಕೆಲಸಕ್ಕಿದ್ದ. ಸೆಕೆಯಲ್ಲೂ ಟವಲನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿದ್ದ. ಆಕೆ ಹತ್ತಿರ ಹೋಗಿ ತಾನು ಯಾರೆಂದು ಹೇಳಿದಳು.

"ಗೊತ್ತಮ್ಮ" ಎಂದ ಕದಿರೇಶ. "ನೀವೇ ಬಿಡಿಸಿದ್ರಿ ಅಂತಲೂ ಹೇಳಿದ್ರು."

"ತೋಪಿನ ಕೆಲಸ ಯಾಕೆ ಬಿಟ್ಟೆ?"

"ಮಾವಿನ ಕಾಲ ಬಂದ್ರೆ ಜನ ಮುಖ ನೋಡಲ್ಲಮ್ಮ, ಇಲ್ಲಿ ನೋಡ್ತಾರೆ." ಟವಲನ್ನು ಮುಟ್ಟಿ ತೋರಿಸಿದ. "ರಾಗಿ ಹೊಲದಲ್ಲಿ ಯಾರೂ ಕೇಳಲ್ಲ."

ಅಷ್ಟರಲ್ಲಿ ಮಾಸ್ತಿಯ ಬಸ್ಸು ಬಂತು. ಅವನು ತಲೆ ಬಗ್ಗಿಸಿ ನಮಸ್ಕಾರ ಮಾಡಿ, ಜನರ ನಡುವೆ ನುಗ್ಗಿ ಹತ್ತಿಕೊಂಡ. ಅನಸೂಯಮ್ಮ ಬಸ್ಸು ತಿರುವು ದಾಟುವವರೆಗೆ ನಿಂತಿದ್ದು, ತರಕಾರಿ ಕೊಳ್ಳಲು ಪೇಟೆಯ ಕಡೆ ನಡೆದಳು.